ಪಾಲಾರ್ ಮುಗಿಯುವ ಕಡೆ

8 ಫೆಬ್ರವರಿ 2026, ಭಾನುವಾರ ರಾತ್ರಿ
ಶ್ರೀಪೆರಂಬುದೂರು

ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಕಿವಿಯೊಳಗಿನ ಮರಳು ಹೋಗಿಲ್ಲ. ನಿದ್ದೆ ಹತ್ತುವ ಮೊದಲು ಬರೆದುಬಿಡುತ್ತೇನೆ.

ಅಕ್ಕನ ಮಗ ಇಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ರಜೆ ಸಿಕ್ಕಾಗೆಲ್ಲ ಕೋವಳಂಗೆ ಹೋಗಿ, ಹಲಗೆ ಮೇಲೆ ನಿಂತು ಅಲೆಯಲ್ಲಿ ಜಾರುವ ಸರ್ಫಿಂಗ್ ಕಲಿತಿದ್ದಾನೆ. ಕೇರಳದ ಕೋವಳಂ ಅಲ್ಲ, ಚೆನ್ನೈ ಪಕ್ಕದ್ದು. ಕೋಲಾರ ಜಿಲ್ಲೆಯ ನಮ್ಮೂರು ಬೇತಮಂಗಲದಲ್ಲಿ ಇದ್ದಾಗ ಕೆರೆ ಏರಿ ಮೇಲೆ ನಡೆದರೂ ಅಕ್ಕ ಬೈಯುತ್ತಿದ್ದಳು! ಹೋದ ವಾರ ಫೋನ್ ಮಾಡಿ, "ಮಾಮ, ನಮ್ಮ ಪಾಲಾರ್ ಸಮುದ್ರ ಸೇರೋ ಜಾಗ ನೋಡಿದ್ದೀರಾ? ಅಲ್ಲಿ ಒಂದು ಟೀ ಅಂಗಡಿಯೂ ಇಲ್ಲ. ಅಲೆ ಮಾತ್ರ ಚೆನ್ನಾಗಿದೆ" ಅಂದ. ಅಲೆ ಕಟ್ಟಿಕೊಂಡು ನನಗೇನಾಗಬೇಕು? ಪಾಲಾರ್ ಅಂದನಲ್ಲ, ಅದಕ್ಕೆ ಬಂಗಾರಪೇಟೆಯಲ್ಲಿ ರೈಲು ಹತ್ತಿದೆ.

ನಮ್ಮ ಕಡೆಯವರಿಗೆ ಬಿಟ್ಟರೆ ಉಳಿದವರಿಗೆ ಪಾಲಾರ್ ಅಂದರೆ ಗೊತ್ತಾಗುವುದಿಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ನದಿ ಇದು. ಒಟ್ಟು 348 ಕಿಲೋಮೀಟರ್ ಉದ್ದ. ಅದರಲ್ಲಿ 93 ಕರ್ನಾಟಕದಲ್ಲಿ, 33 ಆಂಧ್ರದಲ್ಲಿ, ಉಳಿದ 222 ತಮಿಳುನಾಡಿನಲ್ಲಿ. ಕೋಲಾರದಲ್ಲಿ ಇದನ್ನು ನದಿ ಅನ್ನುವುದಕ್ಕಿಂತ ಕೆರೆಗಳ ಸಾಲು ಅನ್ನಬಹುದು. ಒಂದು ತುಂಬಿ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು. ಬೇತಮಂಗಲದ ಕೆರೆ ಆ ಸಾಲಿನದೇ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಜಿಎಫ್‌ಗೆ ಕುಡಿಯುವ ನೀರು ಹೋಗಿದ್ದು ಇದರಿಂದ. ಈ ನೀರಿಗಾಗಿ ಮೈಸೂರಿಗೂ ಮದ್ರಾಸಿಗೂ 1892ರಲ್ಲೇ ಒಪ್ಪಂದ ಆಗಿತ್ತು. ನಮ್ಮ ಕೆರೆ ದಾಟಿ ನೀರು ಮುಂದೆ ಹೋಗುವುದು ಎಂದೋ ಒಮ್ಮೆ. 2021ರ ನವೆಂಬರ್‌ನ ಮಳೆಗೆ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಬಂದಿತ್ತು.

ರೈಲಿನ ಕಿಟಕಿಯಿಂದ ವಾಣಿಯಂಬಾಡಿ, ಆಂಬೂರಿನ ಹತ್ತಿರ ನದಿ ಕಂಡಿತು. ನದಿ ಅಂದರೆ ಮರಳು, ಜಾಲಿ, ನಡುವೆ ಒಂದು ಕಪ್ಪು ಕಾಲುವೆ. ಚರ್ಮ ಹದ ಮಾಡುವ ಊರುಗಳು. ವಾಸನೆಯ ವಿಷಯ ಬಿಡಿ.

ಇವತ್ತು ಬೆಳಗಿನ ಜಾವ ಗೆಳೆಯನ ಕಾರಿನ ಮೇಲೆ ಬೋರ್ಡ್ ಕಟ್ಟಿ ಹೊರಟೆವು. ಚೆಂಗಲ್ಪಟ್ಟು, ತಿರುಕಳುಕುಂಡ್ರಂ, ಆಮೇಲೆ ಕಲ್ಪಾಕ್ಕಂ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ವಯಲೂರಿನ ಹತ್ತಿರ ಪಾಲಾರ್ ಸೇತುವೆ. ಆಮೇಲಿನ ದಾರಿ ಬರೆಯಬೇಡಿ ಅಂತ ಹುಡುಗನ ಆಜ್ಞೆ. ಪಾಲಾರ್ ಅಂದ ಮೇಲೆ ಮುಚ್ಚಿಡಲು ಏನುಳಿಯಿತು? ಆದರೂ ಸೇತುವೆಗೆ ಈ ಕಡೆಯೋ ಆ ಕಡೆಯೋ ಹೇಳುವುದಿಲ್ಲ. ಟಾರು ಮುಗಿದು ಮಣ್ಣು, ಮಣ್ಣು ಮುಗಿದು ಸರ್ವೆ ತೋಪು. ಮೌಲ್ಡಿಂಗ್ ಹಾಕುವಾಗ ಕೆಳಗೆ ನಿಲ್ಲಿಸುವ ಸರ್ವೆ ಮರ ಇದೆಯಲ್ಲ, ಅದು ಸಾಲುಸಾಲಾಗಿ ನಿಂತು ಗಾಳಿಗೆ ಸುಯ್ಯೆನ್ನುತ್ತಿತ್ತು. ತೋಪಿನಾಚೆ ಸಮುದ್ರ.

ಬೀಚು ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಮರೀನಾ. ಬಜ್ಜಿ, ಕುದುರೆ, ಬಲೂನು. ಇಲ್ಲಿ ಒಂದು ದೋಣಿ ಬಿಸಿಲಲ್ಲಿ ಒಣಗುತ್ತಿತ್ತು, ಅಷ್ಟೇ. ಎಡಕ್ಕೂ ಬಲಕ್ಕೂ ಮರಳು ಮುಗಿಯುವುದೇ ಕಾಣಲಿಲ್ಲ. ಪಾಲಾರ್ ಸಮುದ್ರವನ್ನು ನೆಟ್ಟಗೆ ಸೇರುವುದೂ ಇಲ್ಲ. ಅಡ್ಡಕ್ಕೆ ಮರಳಿನ ದಿಬ್ಬ ಬೆಳೆದು, ನೀರು ಅದರ ಹಿಂದೆ ನಿಂತು, ಎಲ್ಲೋ ಒಂದು ಸಂದಿಯಲ್ಲಿ ಹೊರಗೆ ನುಸುಳುತ್ತದೆ. ಬೇಸಿಗೆಯಲ್ಲಿ ಆ ಸಂದಿಯೂ ಮುಚ್ಚುತ್ತದಂತೆ. ದೋಣಿಯ ಪಕ್ಕ ಬಲೆ ಬಿಡಿಸುತ್ತಿದ್ದ ಅಣ್ಣ ಹೇಳಿದರು. ಕೋಲಾರದವರಿಗೆ ತಮಿಳು ಕಲಿಸಬೇಕಾಗಿಲ್ಲ, ಮಾತಿಗೆ ಕೂತೆವು. ದೊಡ್ಡ ಮಳೆ ಬಂದ ವರ್ಷ ನದಿಯೇ ದಿಬ್ಬ ಒಡೆಯುತ್ತದೆ, ಆ ವರ್ಷ ಮೀನು ಜಾಸ್ತಿ ಅಂದರು. ನಾನು ಕೋಲಾರದವನು ಅಂದಾಗ, "ನೀರು ಬಿಡಿ ಸಾರ್" ಅಂತ ನಕ್ಕರು. ನಮ್ಮ ಬೋರ್‌ವೆಲ್ ಸಾವಿರ ಅಡಿ ದಾಟಿದೆ ಅಂದೆ. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ.

ಹುಡುಗ ಅಷ್ಟರಲ್ಲಿ ಸಮುದ್ರ ಓದುತ್ತಿದ್ದ. ಬಂದ ತಕ್ಷಣ ನೀರಿಗೆ ಬೀಳುತ್ತಾನೆ ಅಂದುಕೊಂಡಿದ್ದೆ. ಅರ್ಧ ಗಂಟೆ ಸುಮ್ನೆ ಕೂತು ನೋಡಿದ. ಅಲೆಯ ಎತ್ತರ ಒಂದೇ ಲೆಕ್ಕವಲ್ಲವಂತೆ. ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡು ಅನ್ನುವುದು ಮುಖ್ಯ. ಅಂತರ ಜಾಸ್ತಿಯಾದಷ್ಟೂ ಬಲ ಜಾಸ್ತಿ. ಅಂಥ ಅಲೆ ಸಾವಿರಾರು ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ದಕ್ಷಿಣದ ಬಿರುಗಾಳಿಯಲ್ಲಿ ಹುಟ್ಟಿರಬಹುದು. ಇಲ್ಲೇ ಹತ್ತಿರದ ಗಾಳಿಗೆ ಎದ್ದದ್ದು ಗಿಡ್ಡ, ಗಜಿಬಿಜಿ. ಬೆಳಗ್ಗೆ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುವಾಗ ಅಲೆಯ ಮುಖ ನುಣ್ಣಗಿರುತ್ತದೆ. ಬಿಸಿಲೇರಿ ಗಾಳಿ ತಿರುಗಿದರೆ ಆಟ ಮುಗಿಯಿತು.

ಆಮೇಲೆ ಹೇಳಿದ್ದು ನನ್ನ ತಲೆಗೆ ಕೂತಿತು. ಅಲೆ ಒಡೆಯುವುದು ನೆಲ ತಾಗಿದಾಗ. ನೀರಿನ ಆಳ ಅಲೆಯ ಎತ್ತರದ ಹೆಚ್ಚುಕಮ್ಮಿ 1.3 ಪಟ್ಟಿಗೆ ಇಳಿದರೆ ಅದು ಮಗುಚುತ್ತದೆ. ಹಾಗಾಗಿ ಎಲ್ಲಿ, ಹೇಗೆ ಒಡೆಯಬೇಕು ಅಂತ ತೀರ್ಮಾನಿಸುವುದು ತಳದ ಮರಳು. ಇಲ್ಲಿ ಆ ಮರಳು ತಂದು ಹಾಕಿದ್ದು ನದಿ. "ನದಿ ಮರಳು ತರೋದು ನಿಂತರೆ ಈ ಅಲೆಯೂ ಇರಲ್ಲ ಮಾಮ" ಅಂದ. ತಮಿಳುನಾಡಿನಲ್ಲಿ ಪಾಲಾರ್ ಸೇರುವ ಚೆಯ್ಯಾರ್ ನದಿಯ ಮರಳೇ ಇಲ್ಲಿ ಜಾಸ್ತಿ ಇರಬೇಕು, ನಮ್ಮದು ಕೆರೆಗಳಲ್ಲೇ ಕೂತಿರುತ್ತದೆ. ಆ ಕೂತದ್ದನ್ನೂ ರಾತ್ರೋರಾತ್ರಿ ತೊಳೆದು ಫಿಲ್ಟರ್ ಮರಳು ಅಂತ ಲಾರಿಗೆ ತುಂಬುವ ಜಿಲ್ಲೆ ನಮ್ಮದು. ಇದನ್ನು ಅವನಿಗೆ ಹೇಳಲಿಲ್ಲ. ಅವನಿಗೂ ಗೊತ್ತು.

ನೀರಿಗೆ ಇಳಿಯುವ ಮೊದಲು ನನಗೊಂದು ಪಾಠ. ಎರಡು ನೊರೆಯ ನಡುವೆ ಶಾಂತವಾಗಿ, ಕಪ್ಪಗೆ ಕಾಣುವ ಪಟ್ಟಿಯೇ ಅಪಾಯ. ದಡಕ್ಕೆ ಬಂದ ನೀರೆಲ್ಲ ಅಲ್ಲಿಂದ ವಾಪಸ್ ಹೋಗುತ್ತದೆ, ಮನುಷ್ಯನನ್ನೂ ಒಯ್ಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಇಷ್ಟು ಹೇಳಿ, ಕಾಲಿಗೆ ಬೋರ್ಡಿನ ಹಗ್ಗ ಬಿಗಿದು, ಅದೇ ಕಪ್ಪು ಪಟ್ಟಿಯಲ್ಲಿ ಬೋರ್ಡ್ ಹಾಕಿಕೊಂಡು ಹೊರಟ! ಬೇಗ ಆಚೆ ಹೋಗಲು ಸರ್ಫರ್‌ಗಳಿಗೆ ಅದೇ ದಾರಿಯಂತೆ. ಕಾವಲಿಗೆ ಲೈಫ್‌ಗಾರ್ಡ್ ಇಲ್ಲ. ನಾನು, ನನ್ನ ಫೋನು, ಬಲೆಯ ಅಣ್ಣ. ಅವನು ಮೊದಲ ಅಲೆಗೆ ಎದ್ದು ನಿಲ್ಲುವವರೆಗೆ ನನಗೆ ಉಸಿರಾಡಿದ ನೆನಪಿಲ್ಲ. ನಿಂತ. ದಿಬ್ಬದ ಉದ್ದಕ್ಕೂ ಓರೆಯಾಗಿ ಜಾರಿ ಬಂದ. ನಾನು ಶಿಳ್ಳೆ ಹೊಡೆದೆ. ಐವತ್ತು ದಾಟಿದವನು ಹೊಡೆಯಬಾರದೇನು?

ಹೋದ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ರಮೇಶ್ ಬುದಿಹಾಳ್ ಕಂಚು ಗೆದ್ದರಲ್ಲ, ಅದನ್ನು ಇವನು ದಡದಲ್ಲಿ ನಿಂತು ನೋಡಿದ್ದನಂತೆ. ಆವತ್ತಿನಿಂದ ಹುಚ್ಚು ಇನ್ನೂ ಜಾಸ್ತಿ.

ವಾಪಸ್ ಬರುವಾಗ ಸತ್ತ ಕಡಲಾಮೆ ಕಂಡಿತು. ಈ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಬಲೆಗೆ ಸಿಕ್ಕಿ ಉಸಿರುಕಟ್ಟಿ ಸಾಯುತ್ತವೆ. ಯಾರೂ ಬರದ ಜಾಗ ಅಂದರೆ ಎಲ್ಲ ಸುಖವಾಗಿದೆ ಅಂತೇನಲ್ಲ. ಉತ್ತರಕ್ಕೆ ಕಲ್ಪಾಕ್ಕಂನ ಅಣುಸ್ಥಾವರ ಇದೆ. ರೆಸಾರ್ಟ್‌ನವರು ಇನ್ನೂ ಬಂದಿಲ್ಲದಿರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಗುಮಾನಿ.

9 ಫೆಬ್ರವರಿ, ಸೋಮವಾರ
ಬೇತಮಂಗಲ

ಮಧ್ಯಾಹ್ನ ಬಂದೆ. ಅಂಗಡಿಯಲ್ಲಿ ಸುಟ್ಟ ಮೋಟರ್‌ಗಳು ಕಾಯುತ್ತಿದ್ದವು, ರಿವೈಂಡಿಂಗ್ ಕೆಲಸ ಬೇಸಿಗೆಗೆ ಏರುವುದೇ ಹೀಗೆ. ಅಕ್ಕನಿಗೆ ವಿಡಿಯೋ ತೋರಿಸಿದೆ. ಪೂರ್ತಿ ನೋಡಿ, "ಊರಲ್ಲಿ ಯಾರಿಗೂ ತೋರಿಸಬೇಡ. ಹೆಣ್ಣು ನೋಡ್ತಿದ್ದೀವಿ" ಅಂದಳು. ಐದು ನಿಮಿಷ ಬಿಟ್ಟು ಇನ್ನೊಂದು ಸಲ ಹಾಕಿಸಿಕೊಂಡಳು.

ಸಂಜೆ ಹುಡುಗನ ಫೋನು. ಬೋರ್ಡಿನ ತಳ ಬಿರುಕು ಬಿಟ್ಟಿದೆ, ನೀರು ಒಳಗೆ ಹೋಗಿದೆ, ನಿಮ್ಮ ಅಂಗಡಿಯ ರೆಸಿನ್ ಅಂಟು ನಡೆಯುತ್ತಾ ಅಂತ. ಒಳಗಿನ ತಿರುಳು ಥರ್ಮೋಕೋಲ್ ಜಾತಿಯದಾದರೆ ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿಬಿಡುತ್ತದೆ, ಎಪಾಕ್ಸಿ ರೆಸಿನ್ನೇ ಆಗಬೇಕು ಅಂದೆ. ನೆರಳಲ್ಲಿ ಒಣಗಿಸಿ, ಬಿರುಕಿನ ಫೋಟೋ ಕಳಿಸು ಅಂದಿದ್ದೇನೆ. ಇನ್ನೂ ಕಳಿಸಿಲ್ಲ.