ಕಾಣೆಯಾದ ರಬ್ಬರ್ ತುಂಡು: 5 ಎಚ್‌ಪಿ ಎಂಜಿನ್ ಕೆಲಸ ಎಲ್ಲಿಗೆ ಬಂತು

ನಿನ್ನೆ ಸಂಜೆ ಐದೂವರೆಗೆ ನನ್ನ ದೋಣಿ ಎಂಜಿನ್‌ನಿಂದ ನೀರು ಬಿತ್ತು. ಸಣ್ಣಗೆ ಅಲ್ಲ, ಪೆನ್ಸಿಲ್ ದಪ್ಪಕ್ಕೆ, ಎಂಜಿನ್ ಇಳಿಸಿಟ್ಟ ನೀರಿನ ಡ್ರಮ್ಮಿನ ಆಚೆಗೆ ಹಾರುವಷ್ಟು ಜೋರಾಗಿ. ಹತ್ತು ನಿಮಿಷ ಓಡಿಸಿದೆ. ಆಮೇಲೆ ಇನ್ನೂ ಹತ್ತು ನಿಮಿಷ. ನಿಲ್ಲಲಿಲ್ಲ. ಏಳು ವಾರದಿಂದ ಇದಕ್ಕೇ ಕಾಯುತ್ತಿದ್ದೆ. ಮನೆಯವರನ್ನೆಲ್ಲ ಅಂಗಳಕ್ಕೆ ಕರೆದು ತೋರಿಸಿದೆ.

ಎಂಜಿನ್ ಯಾವುದು ಅಂತ ಗೊತ್ತಿಲ್ಲದವರಿಗೆ: ಹಳೆಯ ಯಮಹಾ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕಟ್ಟುವ ಎಂಜಿನ್), ಟೂ ಸ್ಟ್ರೋಕ್, ಒಂದೇ ಸಿಲಿಂಡರ್, 103 ಸಿಸಿ. ಆರ್‌ಎಕ್ಸ್ 100 ಬೈಕಿನದು 98 ಸಿಸಿ. ಆ ಬೈಕ್ ಬಿಚ್ಚಿ ಅಭ್ಯಾಸ ಇದ್ದವರಿಗೆ ಇದರ ಮೇಲಿನ ಅರ್ಧದಲ್ಲಿ ಹೆಚ್ಚೇನೂ ಹೊಸದಿಲ್ಲ. ಕಾರ್ಬ್ಯುರೇಟರ್, ಪ್ಲಗ್, ಗಿಯರ್ ಆಯಿಲ್ ಎಲ್ಲ ಮೊದಲ ವಾರವೇ ಮುಗಿದಿತ್ತು. ಅದನ್ನು ಬರೆಯುವುದಿಲ್ಲ.

ಕಾಡಿದ್ದು ಎಂಜಿನ್ ತಣ್ಣಗಿಡುವ ನೀರು. ಕೆಳಗಿನ ಪಂಪ್ ಅದನ್ನು ಸಿಲಿಂಡರ್ ಸುತ್ತ ಹಾಯಿಸಿ ಹೊರಬಿಡಬೇಕು. ಸ್ಟಾರ್ಟ್ ಮಾಡಿದ ಕೂಡಲೇ ಹಿಂದಿನ ತೂತಿನಿಂದ ನೀರು ಬರುತ್ತಿತ್ತು. ಮೂರು ನಿಮಿಷಕ್ಕೆ ದಾರದಷ್ಟಾಗುತ್ತಿತ್ತು. ಐದು ನಿಮಿಷಕ್ಕೆ ಹನಿ. ಅಷ್ಟರಲ್ಲಿ ಹೆಡ್ (ಸಿಲಿಂಡರಿನ ಮುಚ್ಚಳ) ಕೈ ಇಡಲಾಗದಷ್ಟು ಕಾದಿರುತ್ತಿತ್ತು. ಎಲ್ಲರೂ ಮೊದಲು ಮಾಡುವುದನ್ನೇ ನಾನೂ ಮಾಡಿದೆ. ಲೋವರ್ ಯೂನಿಟ್ (ನೀರಿನೊಳಗಿರುವ ಕೆಳಭಾಗ) ಇಳಿಸಿ ಪಂಪ್ ಬಿಚ್ಚಿದೆ. ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರೆಕ್ಕೆಯ ಚಕ್ರ. ಅದರ ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎರಡು ರೆಕ್ಕೆ ಬುಡದಿಂದಲೇ ಕಿತ್ತು ಹೋಗಿದ್ದವು. ಸರಿ, ಕಾರಣ ಸಿಕ್ಕಿತು ಅಂದುಕೊಂಡೆ. ಹಳೆಯದನ್ನು ಡಬ್ಬಿಗೆ ಹಾಕಿ, ಹೊಸದನ್ನು ಹುಡುಕಲು ಹೊರಟೆ.

ಗಂಗೊಳ್ಳಿ, ಮಲ್ಪೆ ಕಡೆ ಔಟ್‌ಬೋರ್ಡ್ ಬಿಡಿಭಾಗ ಸಿಗುವುದಿಲ್ಲ ಅಂತಲ್ಲ. ಆದರೆ ಅಂಗಡಿಯಲ್ಲಿ ಇರುವುದೆಲ್ಲ ನಾಡದೋಣಿಗೆ ಹಾಕುವ 8, 9.9 ಎಚ್‌ಪಿ ಎಂಜಿನ್‌ಗಳದ್ದು. ಅದರಲ್ಲೂ ನಾನು ಹೋದದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ಮಾತ್ರ ಸಮುದ್ರ ತೆರೆದಿರುತ್ತದೆ. ಅವರ ವರ್ಷದ ದುಡಿಮೆಯ ದೊಡ್ಡ ಪಾಲು ಆ ಎರಡು ತಿಂಗಳಲ್ಲಿದೆ. ಅಂಥ ಹೊತ್ತಿನಲ್ಲಿ ಹವ್ಯಾಸದ ಎಂಜಿನ್ ಹಿಡಿದುಕೊಂಡು ಹೋದರೆ ಯಾರು ನೋಡುತ್ತಾರೆ? ನೋಡಬೇಕಾಗಿಯೂ ಇಲ್ಲ.

ಹಾಗಾಗಿ ದೂರದ ಊರಿನ ಒಬ್ಬ ಮಾರಾಟಗಾರರಿಂದ ತರಿಸಿದೆ. ಯಮಹಾ ಪಾರ್ಟ್ ನಂಬರ್ ಓದುವುದು ಗೊತ್ತಿದ್ದರೆ ತುಂಬಾ ಉಪಯೋಗ. ಮೊದಲ ಮೂರು ಅಕ್ಷರ ಯಾವ ಎಂಜಿನ್ ಅಂತ ಹೇಳುತ್ತವೆ, ನಡುವಿನ ಐದು ಅಂಕಿ ಯಾವ ಭಾಗ ಅಂತ. 44352 ಅಂದರೆ ಇಂಪೆಲ್ಲರ್, 11181 ಅಂದರೆ ಹೆಡ್ ಗ್ಯಾಸ್ಕೆಟ್. ಅವರ ಬೈಕಿಗೂ ಇದೇ ಲೆಕ್ಕ. ನನಗೆ ಬೇಕಿದ್ದದ್ದು 6ಇ0-44352. ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದೆ, ಬರೆದೂ ಕಳಿಸಿದೆ. ಹನ್ನೊಂದು ದಿನ ಬಿಟ್ಟು ಬಂದದ್ದು 6ಜಿ1-44352. ಅದು 6 ಮತ್ತು 8 ಎಚ್‌ಪಿಯದ್ದು. ಫೋನ್ ಮಾಡಿದರೆ “ಎಲ್ಲಾ ಒಂದೇ ಸರ್, ಕೂರುತ್ತೆ” ಅಂದರು. ಕೂರುವುದಿಲ್ಲ! ನಡುವಿನ ಅಂಕಿ ಒಂದೇ ಆದ ಮಾತ್ರಕ್ಕೆ ಅಳತೆ ಒಂದೇ ಆಗುತ್ತದಾ? ವಾಪಸ್ ಕಳಿಸುವ ಕೊರಿಯರ್ ಖರ್ಚೂ ನನ್ನದೇ ಆಯಿತು. ಈ ವ್ಯಾಪಾರ ಮಾಡುವವರು ಆ ಮೊದಲ ಮೂರು ಅಕ್ಷರ ಓದಲೇಬೇಕು. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಸರಿಯಾದದ್ದು ಬಂದ ಮೇಲೆ ಹಾಕಿ ಓಡಿಸಿದೆ. ಮೂರು ನಿಮಿಷ ಚೆನ್ನಾಗಿ ಬಂತು. ಆಮೇಲೆ ದಾರ. ಆಮೇಲೆ ಹನಿ.

ಎರಡು ದಿನ ಎಂಜಿನ್ ಮುಟ್ಟಲಿಲ್ಲ. ಮೂರನೇ ದಿನ ಹಳೆಯ ಇಂಪೆಲ್ಲರ್ ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟೆ. ಪಂಪಿನ ತಳದಲ್ಲಿ ಸಿಕ್ಕಿದ್ದ ಒಂದು ರಬ್ಬರ್ ತುಂಡನ್ನು ಪಕ್ಕದಲ್ಲಿಟ್ಟೆ. ಮುರಿದದ್ದು ಎರಡು ರೆಕ್ಕೆ. ತುಂಡು ಇರುವುದು ಒಂದೇ. ಇನ್ನೊಂದು ಎಲ್ಲಿ? ಕೆಳಗೆ ಬೀಳಲು ನೀರು ಒಳಬರುವಲ್ಲಿನ ಜಾಲರಿ ಬಿಡುವುದಿಲ್ಲ. ಹಾಗಾದರೆ ನೀರಿನ ಜೊತೆ ಪೈಪಿನಲ್ಲಿ ಮೇಲೆ ಹೋಗಿದೆ. ಪೈಪಿಗೆ ತಂತಿ ಹಾಕಿದರೆ ಸಲೀಸಾಗಿ ದಾಟಿತು. ಅಂದರೆ ತುಂಡು ಇರುವುದು ಸಿಲಿಂಡರ್ ಸುತ್ತಲಿನ ನೀರಿನ ದಾರಿಯಲ್ಲೇ. ಹೆಡ್ ತೆಗೆಯದೆ ಬೇರೆ ದಾರಿ ಇರಲಿಲ್ಲ.

ಮುಂದಿನದ್ದು ಬೋಲ್ಟಿನ ಕತೆ. ಇದಕ್ಕೇ ಮೂರು ವಾರ ಹೋಯಿತು.

ಗಂಗೊಳ್ಳಿಯ ಪಂಚಗಂಗಾವಳಿ ಹೊಳೆಯಲ್ಲಿ ಮಳೆಗಾಲಕ್ಕೆ ಐದು ಹೊಳೆಯ ಸಿಹಿನೀರು ಇರುತ್ತದೆ, ಬೇಸಿಗೆಗೆ ಉಪ್ಪು ನೀರು ತುಂಬಾ ಒಳಗಿನವರೆಗೆ ಬರುತ್ತದೆ. ಹಿಂದಿನ ಮಾಲೀಕರು ಈ ಎಂಜಿನ್ನನ್ನು ಸಿಹಿನೀರಿನಲ್ಲಿ ಓಡಿಸಿ ತೊಳೆದ ಹಾಗೆ ಕಾಣಲಿಲ್ಲ. ಬ್ಲಾಕ್ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲ್, ನಡುವೆ ಉಪ್ಪು ನೀರು. ಅಲ್ಯೂಮಿನಿಯಂ ತಿಂದು ಹೋಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೊದಲಿಗಿಂತ ಜಾಗ ಜಾಸ್ತಿ ಬೇಕು. ಅದು ಬೋಲ್ಟಿನ ಸುತ್ತ ಗಚ್ಚು ಹಾಕಿದ ಹಾಗೆ ಕಚ್ಚಿಕೊಳ್ಳುತ್ತದೆ. ನಾಲ್ಕು ಬೋಲ್ಟ್ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದ ಮೇಲೆ ಬಂದವು. ಐದನೆಯದು ಸ್ಪಾನರ್‌ಗೆ ಸ್ವಲ್ಪ ಮಣಿಯಿತು. ಬಂತು ಅಂತ ಖುಷಿಯಾಯಿತು. ಬಂದದ್ದು ತಲೆ ಮಾತ್ರ.

ಹೆಡ್ಡನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಮೇಲೆತ್ತಿದೆ. ಬ್ಲಾಕಿನಲ್ಲಿ ಬೆರಳಿನ ಉಗುರಿನಷ್ಟು ಬೋಲ್ಟ್ ಉಳಿದಿತ್ತು. ಗಂಗೊಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ನಾಡದೋಣಿ ಎಂಜಿನ್ ನಡುವೆ ಕೂತಿದ್ದವರು ಕನ್ನಡಕ ಏರಿಸಿ ನೋಡಿದರು. “ಕಾಣಿ ಮಾರಾಯ್ರೆ, ಇದ್ಕೆ ಬಲ ಹಾಕೂಕಾಗ. ಬಿಸಿ ಮಾಡಿ, ತಣಿಲಿ. ಮತ್ತೆ ಬಿಸಿ ಮಾಡಿ. ಕಡೀಗೆ ನಟ್ ಇಟ್ಟ್ ವೆಲ್ಡ್ ಮಾಡ್ಸಿ.” ಡ್ರಿಲ್ ಹಾಕಬಹುದಾ ಅಂತ ಕೇಳಿದೆ. ಬೋಲ್ಟ್ ಗಟ್ಟಿ, ಸುತ್ತಲಿನ ಅಲ್ಯೂಮಿನಿಯಂ ಮೆದು, ಬಿಟ್ ಜಾರಿ ಬ್ಲಾಕ್ ಕೊರೆಯುತ್ತದೆ ಅಂತ ತಿಳಿಸಿ ಹೇಳಿದರು. ಅವರಿಗೆ ನಾನು ಋಣಿ. ಮನೆಯಲ್ಲಿ ಡ್ರಿಲ್ ಸಿದ್ಧವಾಗಿತ್ತು.

ಟ್ಯಾಂಕ್, ಪೆಟ್ರೋಲ್ ಪೈಪ್ ಎಲ್ಲ ಕಳಚಿ ದೂರ ಇಟ್ಟೆ. ದಿನಕ್ಕೆ ಎರಡು ಸಲ ಬ್ಲೋ ಟಾರ್ಚಿನಿಂದ ಬೋಲ್ಟಿನ ಸುತ್ತ ಬ್ಲಾಕ್ ಕಾಯಿಸಿದೆ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ. ತೂತು ಕೂದಲಿನಷ್ಟು ಅಗಲವಾಗುತ್ತದೆ, ಬಿಳಿ ಪುಡಿ ಬಿರುಕು ಬಿಡುತ್ತದೆ. ಬಿಸಿ ಇರುವಾಗಲೇ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಆ ಸಂದಿಗೆ ಇಳಿಯುತ್ತದೆ. ಒಂಬತ್ತು ದಿನ ಹೀಗೆ ಮಾಡಿದೆ. ಹತ್ತನೇ ದಿನ ವೆಲ್ಡಿಂಗ್ ಅಂಗಡಿಯಲ್ಲಿ ತುಂಡಿನ ಮೇಲೆ ನಟ್ ಕೂರಿಸಿ ಒಳಗಿನಿಂದ ವೆಲ್ಡ್ ಹಾಕಿಸಿದೆ. ಕೆಂಪು ಆರಿದ ಮೇಲೆ ಸ್ಪಾನರ್ ಹಾಕಿ, ಬಿಚ್ಚುವ ಬದಲು ಮೊದಲು ಬಿಗಿ ಮಾಡುವ ಕಡೆಗೆ ಸ್ವಲ್ಪ ಅಲ್ಲಾಡಿಸಿದೆ. ಆಮೇಲೆ ಹಿಂದೆ. ಮತ್ತೆ ಮುಂದೆ. ಕಿರ್ ಅಂತ ಸದ್ದು ಬಂತು. ಅರ್ಧ ಗಂಟೆ ಹಿಡಿಯಿತು. ಬೋಲ್ಟ್ ಇಡಿಯಾಗಿ ಹೊರಬಂತು, ಮರೆಗಳ (ಬೋಲ್ಟಿನ ಸುರುಳಿ ಗೀರುಗಳ) ತುಂಬ ಬಿಳಿ ಪುಡಿ.

ರಬ್ಬರ್ ತುಂಡು ಸಿಲಿಂಡರ್ ಹಿಂದಿನ ಇಕ್ಕಟ್ಟಿನ ತಿರುವಿನಲ್ಲಿತ್ತು. ಅದರ ಸುತ್ತ ಉಪ್ಪು, ಕೆಸರು ಸೇರಿ ಹೆಪ್ಪುಗಟ್ಟಿತ್ತು. ಮೂರು ನಿಮಿಷದ ಗುಟ್ಟೂ ಆಗ ತಿಳಿಯಿತು. ನಿಂತಾಗ ತುಂಡು ಸಡಿಲವಾಗಿ ಕೆಳಗೆ ಜಾರುತ್ತಿತ್ತು, ಓಡಿದಾಗ ನೀರೇ ಅದನ್ನು ನಿಧಾನವಾಗಿ ತಿರುವಿಗೆ ತಳ್ಳಿ ಬಿರಡೆ ಮಾಡುತ್ತಿತ್ತು. ಉಳಿದ ಉಪ್ಪಿಗೆ ವಿನೆಗರ್‌ಗೆ ಸಮ ನೀರು ಬೆರೆಸಿ ಅರ್ಧ ಗಂಟೆ ಬಿಟ್ಟೆ, ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದೆ. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್, ಎಲ್ಲ ಮರೆಗೂ ಮರೀನ್ ಗ್ರೀಸ್. ಈಗ ನನ್ನ ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟಿದ್ದೇನೆ: ಇಂಪೆಲ್ಲರ್ ಬದಲಿಸಿದರೆ ಹಳೆಯದರ ತುಂಡುಗಳನ್ನು ಜೋಡಿಸಿ ಎಣಿಸು.

ಆ ಮೆಕ್ಯಾನಿಕ್ ಅಂಗಡಿಯಲ್ಲಿ ಕೂತಾಗಲೇ ಮುಂದಿನ ಆಸೆ ಹುಟ್ಟಿತು. ಮೂಲೆಯಲ್ಲಿ ಒಂದು ಹಳೆಯ ಸೀಮೆಎಣ್ಣೆ ಎಂಜಿನ್ ಬಿದ್ದಿದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್, ಇಲ್ಲದಿದ್ದರೆ ಮರುದಿನ ಹಗ್ಗ ಎಳೆದು ಎಳೆದು ತೋಳು ಬೀಳುತ್ತದೆ. ಸೀಮೆಎಣ್ಣೆಗೆ ಬಡಿತ (ಇಂಧನ ತಾನಾಗಿ ಹೊತ್ತಿ ಒಳಗೆ ಟಕಟಕ ಅನ್ನುವುದು) ಬೇಗ ಬರುವುದರಿಂದ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತುವಿಕೆ, ಕಡಿಮೆ ಇಟ್ಟಿರುತ್ತಾರೆ. ಆ ಹೆಡ್ಡನ್ನು ನನ್ನ ಹೆಡ್ಡಿನ ಪಕ್ಕ ಇಟ್ಟು ಅಳೆಯಬೇಕು ಅಂತ ಬಹಳ ಆಸೆ. ಮಳೆಗಾಲ ಮುಗಿಯಲಿ, ಕೊಡುತ್ತೇನೆ ಅಂದಿದ್ದಾರೆ.

ಇವತ್ತು ತಣ್ಣಗಿರುವಾಗ ಹೆಡ್ ಬೋಲ್ಟ್ ಇನ್ನೊಮ್ಮೆ ಬಿಗಿ ನೋಡಬೇಕು. ಭಾನುವಾರ ಭರತ (ಉಬ್ಬರ) ಏರುವ ಹೊತ್ತಿಗೆ ಹೊಳೆಗೆ ಇಳಿಸುತ್ತೇನೆ. ಹುಟ್ಟೂ ಜೊತೆಗಿರುತ್ತದೆ.