ಜಿರೊಗೆ ಹೊರಟಿದ್ದೀರಾ? ಮೊದಲು ಸುಮೋ ವಿಷಯ ಕೇಳಿ

ಅರುಣಾಚಲ ಪ್ರದೇಶದ ಜಿರೊ ಮ್ಯೂಸಿಕ್ ಫೆಸ್ಟಿವಲ್‌ಗೆ ಹೋಗಿ ಬಂದಮೇಲೆ ಮೂರು ಜನ ಫೋನ್ ಮಾಡಿ ಕೇಳಿದರು, ಹೇಗೆ ಹೋಗೋದು, ಎಷ್ಟಾಗುತ್ತೆ ಅಂತ. ಮೂವರಿಗೂ ಮೊದಲು ಹೇಳಿದ್ದು ಸುಮೋ, ಅಂದರೆ ತಲೆಗಿಷ್ಟು ಅಂತ ದುಡ್ಡು ಕೊಟ್ಟು ಹತ್ತುವ ಬಾಡಿಗೆ ಜೀಪಿನ ವಿಷಯ. ನಾನೂ ನನ್ನ ತಂಗಿಯೂ ಮೋಸ ಹೋಗಿದ್ದು ಅಲ್ಲೇ.

ಗುವಾಹಟಿಯಿಂದ ರಾತ್ರಿ ಹೊರಡುವ ದೋನ್ಯಿ ಪೋಲೊ ಎಕ್ಸ್‌ಪ್ರೆಸ್ ಬೆಳಗ್ಗೆ ನಹರ್ಲಗುನ್ ಮುಟ್ಟಿಸುತ್ತದೆ. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಸ್ಟೇಷನ್‌ನಲ್ಲೇ ಇನ್ನರ್ ಲೈನ್ ಪರ್ಮಿಟ್, ಅಂದರೆ ಹೊರರಾಜ್ಯದವರು ಅರುಣಾಚಲಕ್ಕೆ ಬರಲು ಬೇಕಾದ ಅನುಮತಿ ಪತ್ರ, ನೋಡುತ್ತಾರೆ. ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ, ಆದರೆ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ನಮ್ಮ ಮುಂದಿದ್ದ ಹುಡುಗ ಫೋನ್‌ನಲ್ಲಿ ತೋರಿಸೋಕೆ ಹೋಗಿ, ನೆಟ್‌ವರ್ಕ್ ಸಿಗದೆ ಅರ್ಧ ಗಂಟೆ ನಿಂತಿದ್ದ.

ಅಲ್ಲಿಂದ ಜಿರೊಗೆ ನೂರು ಕಿಲೋಮೀಟರ್ ಚಿಲ್ಲರೆ. ಹೆಚ್ಚಿನದೆಲ್ಲ ಘಾಟಿ ರಸ್ತೆ. ಸ್ಟೇಷನ್ ಹೊರಗೆ ಬಂದ ತಕ್ಷಣ ಒಬ್ಬ ಬಂದು ನಮ್ಮ ಬ್ಯಾಗಿಗೇ ಕೈ ಹಾಕಿದ. ‘ಫೆಸ್ಟಿವಲ್ ರೇಟ್, ಇದೇ ಕೊನೇ ಗಾಡಿ’ ಅಂದ. ತಲೆಗೆ 1,200 ರೂಪಾಯಿ ಕೊಟ್ಟು ಹತ್ತಿದೆವು. ಸಿಕ್ಕಿದ್ದು ಹಿಂದಿನ ಸೀಟು. ಕಾಲಿಟ್ಟುಕೊಳ್ಳುವ ಜಾಗದಲ್ಲಿ ಯಾರದೋ ಟೆಂಟ್, ತಂಗಿಯ ತೊಡೆಯ ಮೇಲೆ ಯಾರದೋ ಅಕ್ಕಿ ಚೀಲದ ಮೂಲೆ. ಎರಡು ಗಂಟೆ ಆದಮೇಲೆ ಪಕ್ಕದ ಕಾಲೇಜು ಹುಡುಗ ಮಾತಿಗೆ ಸಿಕ್ಕ. ಅವನು ಕೌಂಟರ್‌ನಲ್ಲಿ ಚೀಟಿ ಮಾಡಿಸಿ 500 ಕೊಟ್ಟಿದ್ದ. ಅದೇ ಗಾಡಿ, ಅದೇ ಸೀಟು! ಆಮೇಲೆ ನೋಡಿದರೆ ‘ಕೊನೇ ಗಾಡಿ’ಯ ಹಿಂದೆ ಇನ್ನೂ ನಾಲ್ಕು ಸುಮೋ ಬಂದವು. ಹಾಗಾಗಿ ಬ್ಯಾಗ್ ಯಾರ ಕೈಗೂ ಕೊಡಬೇಡಿ. ನೇರ ಸುಮೋ ಕೌಂಟರ್‌ಗೆ ಹೋಗಿ, ಚೀಟಿ ಕೇಳಿ, ಮಧ್ಯದ ಸಾಲು ಅಂತ ಬರೆಸಿಕೊಳ್ಳಿ. ವಾಂತಿ ಆಗುವವರು ಮಾತ್ರೆ ಮರೆಯಬೇಡಿ.

ಈಗ ಸಂಗೀತ.

ಈ ಫೆಸ್ಟಿವಲ್ 2012ರಿಂದ ನಡೆಯುತ್ತಿದೆ. ಸೆಪ್ಟೆಂಬರ್ ಕೊನೆಗೆ, ನಾಲ್ಕು ದಿನ. ಅಪತಾನಿ ಜನರ ಕಣಿವೆ ಇದು, ಗದ್ದೆಯೆಲ್ಲ ಆಗ ಹಳದಿಗೆ ತಿರುಗಿರುತ್ತದೆ. ಅದೇ ಗದ್ದೆಯಲ್ಲಿ ಮೀನನ್ನೂ ಸಾಕುತ್ತಾರೆ. ವೇದಿಕೆ ಎರಡು, ಎರಡಕ್ಕೂ ಬಿದಿರೇ ಮುಖ್ಯ. ಹಗಲಿನದು ದನ್ಯಿ, ಅಂದರೆ ಸೂರ್ಯ. ರಾತ್ರಿಯದು ಪುಲೊ, ಚಂದ್ರ. ಹೆಚ್ಚಿನವರು ಬರುವುದು ಗಿಟಾರ್ ಬ್ಯಾಂಡ್‌ಗಳಿಗೆ, ಜಾನಪದ ಹಾಡುಗಳಿಗೆ. ನಾವು ಹೋಗಿದ್ದು ಪಟ್ಟಿಯಲ್ಲಿದ್ದ ಮೂರ್ನಾಲ್ಕು ಎಲೆಕ್ಟ್ರಾನಿಕ್ ಪಾಪ್ ಕಲಾವಿದರಿಗೋಸ್ಕರ.

ಈ ಹುಚ್ಚು ಹಿಡಿಸಿದ್ದು ಬೆಂಗಳೂರಿನದೇ ಸಲ್ಕ್ ಸ್ಟೇಷನ್ ಅನ್ನುವ ತಂಡ. ತನ್ವಿ ರಾವ್ ಮತ್ತು ರಾಹುಲ್ ಗಿರಿ, ಇಬ್ಬರೇ. 2012ರಲ್ಲಿ ಬಂದ ಅವರ ಆಲ್ಬಂ ಕೇಳಿದಾಗ, ಇಷ್ಟು ನಿಧಾನದ ಬೀಟ್ ಮೇಲೆ ಹಿಂದೂಸ್ತಾನಿ ಛಾಯೆಯ ದನಿ ಹೀಗೆ ಕೂರುತ್ತಾ ಅಂತ ಆಶ್ಚರ್ಯವಾಗಿತ್ತು. ಆಮೇಲೆ ದೆಹಲಿಯ ಕೊಮೊರೆಬಿ, ಅಂದರೆ ತರಾನಾ ಮರ್ವಾ. ಸೂರ್ಯಕಾಂತ್ ಸಾಹ್ನಿ ಲಿಫಾಫಾ ಅನ್ನುವ ಹೆಸರಿನಲ್ಲಿ ಮಾಡುವ ಹಿಂದಿ ಹಾಡುಗಳು. ದೊಡ್ಡ ಕಂಪನಿಯ ಬೆಂಬಲ ಇಲ್ಲದೆ, ಮನೆಯ ಕೋಣೆಯಲ್ಲಿ ಕೂತು ಹಾಡು ಕಟ್ಟುವವರೆಂದರೆ ನನಗೆ ತುಂಬಾ ಗೌರವ. ಆದರೆ ಇಂಥವರ ಲೈವ್ ಅಂದರೆ ಜನ ಮೂಗು ಮುರಿಯುತ್ತಾರೆ. ‘ಲ್ಯಾಪ್‌ಟಾಪ್‌ನಲ್ಲಿ ಪ್ಲೇ ಒತ್ತಿ ನಿಲ್ಲೋದಲ್ವಾ?’ ಅಂತ ಸುಮೋದಲ್ಲೂ ಒಬ್ಬರು ಕೇಳಿದರು.

ಅವರಿಗೆ ಎರಡನೇ ರಾತ್ರಿಯ ಈ ಒಂದು ಹಾಡನ್ನು ತೋರಿಸಬೇಕಿತ್ತು.

ಸಂಜೆಯಿಂದ ಮಳೆ. ಪಟ್ಟಿ ಏರುಪೇರಾಗಿತ್ತು. ಯಾರ ಸರದಿ ಅಂತ ಕೂಗಿದ್ದೂ ಸರಿಯಾಗಿ ಕೇಳಿಸಲಿಲ್ಲ. ಒಬ್ಬಳು ಹುಡುಗಿ, ಒಬ್ಬ ಹುಡುಗ. ಮೇಜಿನ ಮೇಲೆ ಲ್ಯಾಪ್‌ಟಾಪ್, ಚಿಕ್ಕ ಸಿಂಥಸೈಜರ್, ಬೆರಳಲ್ಲಿ ಬಡಿಯುವ ಡ್ರಮ್ ಪ್ಯಾಡ್. ಎಲ್ಲದರ ಮೇಲೆ ಪ್ಲಾಸ್ಟಿಕ್ ಹಾಳೆ. ಅವಳು ಹಾಳೆಯ ಕೆಳಗೆ ಕೈ ತೂರಿಸಿ ನುಡಿಸುತ್ತಿದ್ದಳು, ಪ್ರತಿ ಹಾಡಿಗೂ ಮೊದಲು ಹೆಗಲ ಮೇಲಿದ್ದ ಟವೆಲ್‌ನಲ್ಲಿ ಬೆರಳು ಒರೆಸಿಕೊಳ್ಳುತ್ತಿದ್ದಳು. ಸ್ಟೇಜ್ ಕೆಲಸದ ಒಬ್ಬ ಛತ್ರಿ ಹಿಡಿದು ನಿಂತಿದ್ದ. ಛತ್ರಿ ಇದ್ದದ್ದು ಲ್ಯಾಪ್‌ಟಾಪ್ ಮೇಲೆ. ಅವನ ತಲೆ ಪೂರ್ತಿ ನೆನೆದಿತ್ತು.

ಮೂರನೇ ಹಾಡಿನ ಮಧ್ಯೆ ಬೀಟ್ ಪಟ್ಟನೆ ನಿಂತುಹೋಯಿತು. ಕೇಬಲ್ ಸಡಿಲವಾಗಿತ್ತು ಅಂತ ಕಾಣುತ್ತದೆ, ಹುಡುಗ ಬಗ್ಗಿ ತಡಕಾಡತೊಡಗಿದ. ಮೈಕ್ ಮಾತ್ರ ಸರಿ ಇತ್ತು. ಅವಳು ಹಾಡು ಬಿಡಲಿಲ್ಲ. ಬರೀ ದನಿ, ತಗಡಿನ ಮೇಲೆ ಮಳೆ ಸದ್ದು. ಮುಂದಿನ ಸಾಲಿನವರು ತಾಳ ಹಾಕಲು ಶುರುಮಾಡಿದರು, ಹಿಂದಿದ್ದವರೂ ಸೇರಿದರು. ನಮ್ಮ ತಾಳ ಮೂಲ ಹಾಡಿಗಿಂತ ಸ್ವಲ್ಪ ನಿಧಾನವಾಗಿತ್ತು. ಕೇಬಲ್ ಸರಿಹೋದಮೇಲೆ ಹುಡುಗ ತಕ್ಷಣ ಬೀಟ್ ಹಾಕಲಿಲ್ಲ. ತಲೆ ಎತ್ತಿ ನಮ್ಮ ಕೈಗಳನ್ನು ನೋಡಿದ. ನಮ್ಮ ಚಪ್ಪಾಳೆಗೆ ಸರಿಯಾಗಿ ಒಂದೇ ಗುಂಡಿಯನ್ನು ನಾಲ್ಕು ಸಲ ಒತ್ತಿದ. ಆ ಗುಂಡಿ ಹಾಡಿನ ವೇಗ ಹಿಡಿಯುತ್ತದೆ. ಐದನೆಯ ಏಟಿಗೆ ಬೇಸ್ ನಮ್ಮ ವೇಗದಲ್ಲೇ ಬಂದು ಕೂತಿತು. ಪಕ್ಕದಲ್ಲಿದ್ದ ತಂಗಿ ನನ್ನ ತೋಳು ಹಿಡಿದು ಅತ್ತುಬಿಟ್ಟಳು. ಬರೀ ಪ್ಲೇ ಒತ್ತಿದ ಹಾಡು ಹೀಗೆ ಕಾಯುವುದಿಲ್ಲ. ಕೇಳುವವರ ಕೈ ನೋಡಿ ತನ್ನ ನಡೆ ಬದಲಿಸುವುದೂ ಇಲ್ಲ.

ಇದನ್ನು ನೋಡಲು ನಿಲ್ಲುವ ಜಾಗ ಮುಖ್ಯ. ಗಿಟಾರ್ ಬ್ಯಾಂಡ್ ಆದರೆ ಎಲ್ಲಿ ನಿಂತರೂ ಕೈ ಕಾಣುತ್ತದೆ. ಇವರದು ಮೇಜಿನ ಮೇಲಿನ ಕೆಲಸ, ನೇರ ಎದುರಿನಿಂದ ಏನೂ ಕಾಣುವುದಿಲ್ಲ. ವೇದಿಕೆಯ ಪಕ್ಕಕ್ಕೆ, ಸ್ವಲ್ಪ ಎತ್ತರದ ಕಡೆ ಹೋಗಿ. ಸದ್ದು ಮಾತ್ರ ಚೆನ್ನಾಗಿ ಬೇಕು ಅಂದರೆ ಸೌಂಡ್ ಎಂಜಿನಿಯರ್ ಡೇರೆಯ ಮುಂದೆ ನಿಲ್ಲಿ. ಅವರು ಕಿವಿಗೊಟ್ಟು ಹೊಂದಿಸುವುದೇ ಅಲ್ಲಿಂದ. ಸ್ಪೀಕರ್ ಎದುರಿಗೇ ನಿಂತರೆ ಬೇಸ್ ಎದೆಗೆ ಗುದ್ದುತ್ತದೆ, ದನಿ ಮುಳುಗಿಹೋಗುತ್ತದೆ. ಇಯರ್‌ಪ್ಲಗ್ ಇಟ್ಟುಕೊಳ್ಳಿ. ನನಗೆ ಮಳೆ, ಕೆಸರು ಏನೂ ಅನ್ನಿಸುವುದಿಲ್ಲ, ಕೊಡಗಿನಲ್ಲಿ ಬೆಳೆದದ್ದು. ಆದರೆ ಮೈಗೆ ಮೈ ತಾಗುವ ಗುಂಪು ಆಗುವುದಿಲ್ಲ, ಅದಕ್ಕೇ ಪಕ್ಕದ ಜಾಗವನ್ನೇ ಹೇಳುತ್ತಿದ್ದೇನೆ. ಕುಣಿಯಲು ಹೋಗುವವರು ಮಧ್ಯಕ್ಕೇ ನುಗ್ಗಿ.

ಊಟದ ವಿಷಯ. ಮೈದಾನದ ಒಳಗೆ ಮಳಿಗೆಗಳಿವೆ, ಬಿದಿರಿನ ಲೋಟದಲ್ಲಿ ಅಕ್ಕಿ ಬಿಯರ್ ಕೊಡುತ್ತಾರೆ, ಚೆನ್ನಾಗಿರುತ್ತದೆ. ಆದರೆ ಹೊಟ್ಟೆ ತುಂಬಾ ಊಟಕ್ಕೆ ಜಿರೊದ ಪೇಟೆಯಾದ ಹಾಪೋಲಿ ಮಾರ್ಕೆಟ್‌ಗೆ ಹೋಗಿ. ತರಕಾರಿ ಸಾಲಿನ ಹಿಂದೆ ಬೋರ್ಡೇ ಇಲ್ಲದ ಒಂದು ಹೋಟೆಲ್ ನಮಗೆ ಸಿಕ್ಕಿತು. ನಾಲ್ಕು ಬೆಂಚು, ಮಧ್ಯದಲ್ಲಿ ಒಲೆ, ಒಲೆಯ ಮೇಲೆ ಅಟ್ಟದಲ್ಲಿ ಹಂದಿ ಮಾಂಸ ಹೊಗೆಗೆ ಇಟ್ಟಿದ್ದರು. ಅಜ್ಜಿ ಮನೆಯ ಒಲೆಯ ಮೇಲೂ ಹೀಗೇ ಮಾಂಸ ಒಣಗುತ್ತಿತ್ತು. 150 ರೂಪಾಯಿಗೆ ಅನ್ನ, ಬೇಯಿಸಿದ ಸೊಪ್ಪು, ಬೇಳೆ, ಕಳಲೆ ಹಾಕಿದ ಹಂದಿ ಮಾಂಸ, ನಾಲಿಗೆ ಸುಡುವ ಮೆಣಸಿನ ಚಟ್ನಿ. ಅನ್ನ ಎಷ್ಟು ಬೇಕೋ ಅಷ್ಟು. ಎಣ್ಣೆ ಕಾಣಲೇ ಇಲ್ಲ. ಕಳಲೆ ಹುಳಿ ಬಂದಿತ್ತು, ನಮ್ಮ ಕೊಡಗಿನ ಕಳಲೆ ಅಡುಗೆ ಬೈಂಬಳೆ ಕರಿಗಿಂತ ಗಾಟು ಜಾಸ್ತಿ. ಫೋನ್‌ನಲ್ಲಿದ್ದ ಬೈಂಬಳೆಯ ಫೋಟೊವನ್ನು ಹೋಟೆಲ್ ನಡೆಸುವ ಹೆಂಗಸಿಗೆ ತೋರಿಸಿದೆ.

‘ದೀದಿ, ನಮ್ಮೂರಲ್ಲೂ ಇದನ್ನ ತಿಂತೀವಿ.’

ಆಕೆ ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ‘ಎಷ್ಟು ದಿನ ನೀರಲ್ಲಿ ಇಡ್ತೀರಾ?’

‘ಮೂರು ದಿನ.’

‘ಸಾಲದು’ ಅಂದರು. ಒಳಗೆ ಹೋಗಿ ಬಾಟಲಿಯಲ್ಲಿ ಹುದುಗಿಸಿದ ಕಳಲೆ ತಂದು ಮೂಸಿ ನೋಡಿ ಅಂತ ಕೊಟ್ಟರು. ಹೊರಡುವಾಗ ಒಂದು ಬಾಟಲಿ ಕಟ್ಟಿಯೂ ಕೊಟ್ಟರು, ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ನಾಲ್ಕು ದಿನದಲ್ಲಿ ಐದು ಸಲ ಅಲ್ಲೇ ಉಂಡೆವು. ಮಾಂಸ ತಿನ್ನದವರಿಗೂ ಸೊಪ್ಪು, ಬೇಳೆ, ಕಳಲೆ ಬೇರೆ ಮಾಡಿಕೊಡುತ್ತಾರೆ, ಮೊದಲೇ ಹೇಳಬೇಕು.

ಉಳಿಯಲು ಟೆಂಟ್‌ಗಿಂತ ಹಳ್ಳಿಯ ಹೋಮ್‌ಸ್ಟೇ ಒಳ್ಳೆಯದು, ಒದ್ದೆ ಬಟ್ಟೆ ಒಲೆ ಹತ್ತಿರ ಒಣಗಿಸಬಹುದು. ರೇಟನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಹಳ್ಳಿಗಳಲ್ಲಿ ಮುಖಕ್ಕೆ ಹಚ್ಚೆ, ಮೂಗಿಗೆ ಬಿರಡೆ ಹಾಕಿದ ಅಜ್ಜಿಯರು ಇನ್ನೂ ಇದ್ದಾರೆ. ಕೇಳದೆ ಫೋಟೊ ತೆಗೆಯಬೇಡಿ, ದಯವಿಟ್ಟು. ನಮ್ಮ ಅಜ್ಜಿಯ ಮುಖಕ್ಕೆ ಯಾರೋ ಬಂದು ಕ್ಯಾಮೆರಾ ಹಿಡಿದರೆ ಹೇಗಿರುತ್ತದೆ?

ನಗದು ಜಾಸ್ತಿ ಇಟ್ಟುಕೊಳ್ಳಿ, ಯುಪಿಐ ನಂಬಿ ಕೂರಬೇಡಿ. ವಾಪಸ್ ಬರುವಾಗ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಬಿಡಿ. ಗುಡ್ಡ ಜರಿದು ನಮ್ಮ ಗಾಡಿ ಮೂರು ಗಂಟೆ ನಿಂತಿತ್ತು. ಗಮ್‌ಬೂಟನ್ನು ಇಲ್ಲಿಂದ ಹೊತ್ತುಕೊಂಡು ಹೋಗಬೇಕಿಲ್ಲ, ಹಾಪೋಲಿಯಲ್ಲೇ ಸಿಗುತ್ತದೆ. ಆದರೆ ತಲುಪಿದ ದಿನವೇ ತಗೊಳ್ಳಿ. ಎರಡನೇ ದಿನ ಹೋದಾಗ ತಂಗಿಯ ಸೈಜ್ ಖಾಲಿಯಾಗಿತ್ತು.