ಸ್ಪ್ಯಾನಿಷ್ ಕಲಿಯಾಕ ಕೊಲಂಬಿಯಾಕ್ಕ: ಬೆಳಗಾವಿಯಿಂದ ಹೊಂಟೋರ ಪಟ್ಟಿ ಬ್ಯಾರೇನ ಐತಿ

ಹೊರದೇಶಕ್ಕ ಭಾಷಾ ಕಲಿಯಾಕ ಹೋಗೋರಿಗೆ ಅಂತ ನೆಟ್ಟಿನಾಗ ಬೇಕಾದಷ್ಟು ಪಟ್ಟಿ ಸಿಗತಾವ. ಅದರಾಗೂ 'ಟ್ರಾಪಿಕಲ್ ದೇಶಕ್ಕ ಹೊಂಟೀರೇನು' ಅಂತ ಶುರು ಆಗೋವು ಭಾಳ, ಎಲ್ಲಾದರಾಗೂ ಅದ ಮಾತು, ಹತ್ತಿ ಅರಬಿ ತಗೊಳ್ರಿ, ಸೊಳ್ಳಿಗೆ ಕ್ರೀಮ್ ಹಚ್ಕೊಳ್ರಿ, ಬೀದ್ಯಾಗ ಹೆಚ್ಚಿಟ್ಟ ಹಣ್ಣು ತಿನ್ನಬ್ಯಾಡ್ರಿ, ಮಧ್ಯಾಹ್ನ ಬಿಸಲಾಗ ಅಡ್ಡಾಡಬ್ಯಾಡ್ರಿ, ಕರೆಂಟ್ ಹೋದ್ರ ಗಾಬರಿ ಆಗಬ್ಯಾಡ್ರಿ. ಓದಿ ಓದಿ ನಗು ಬಂತು. ಇದು ಪ್ರವಾಸದ ತಯಾರಿ ಅಲ್ರೀ, ವಿಜಯಪುರದಾಗ ಏಪ್ರಿಲ್ ತಿಂಗಳು ಇದು.

ಈ ಪಟ್ಟಿ ಬರದೋರು ಅಮೆರಿಕಾದೋರು, ಯುರೋಪಿನೋರು, ಅವರಿಗೆ ಅವರ ಊರಿನ ಹೆದರಿಕಿ. ನಾವು ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗ ಹುಟ್ಟಿ ಬೆಳದೋರು, ಬೆಳಗಾವಿ ಇರೋದ ಹೆಚ್ಚುಕಡಿಮಿ 16 ಡಿಗ್ರಿ ಉತ್ತರಕ್ಕ, ಅಂದ್ರ ನಾವೂ ಟ್ರಾಪಿಕಲ್ ಮಂದೀನ. ಹಿಂಗಾಗಿ ಅವರ ಪಟ್ಟ್ಯಾಗ ಅರ್ಧ ನಮಗ ಬೇಕಾಗಂಗಿಲ್ಲ, ನಮಗ ಬೇಕಾಗಿದ್ದು ಅದರಾಗ ಇರಂಗಿಲ್ಲ. ಅದಕ್ಕ ನಾನ ಬರೀತೀನಿ ಅಂತ ಕುಂತೀನಿ.

ನಂದೊಂಚೂರು ಹೇಳಬೇಕಂದ್ರ, ಉದ್ಯಮಬಾಗದಾಗ ಒಂದು ಫೌಂಡ್ರಿಯೊಳಗ ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ ಕೆಲಸ ಮಾಡ್ತೀನಿ, ಪಂಪು ವಾಲ್ವಿನ ಕಾಸ್ಟಿಂಗ್ ಹೊರಗ ಹೋಗತಾವ, ಗಿರಾಕಿಯೊಳಗ ಸ್ಪ್ಯಾನಿಷ್ ಮಾತಾಡೋರು ಜಾಸ್ತಿ ಆಗ್ಯಾರ. ಮೇಲ್ ಬಂದ್ರ ಆ್ಯಪಿನಾಗ ಹಾಕಿ ತಿಳ್ಕೋಬಹುದು, ಫೋನ್ ಬಂದ್ರ ಏನ್ ಮಾಡ್ತೀರಿ? ಸ್ಪ್ಯಾನಿಷ್ ಸರ್ಕಾರಿ ಭಾಷಾ ಆಗಿರೋ ದೇಶ ಸುಮಾರು 20 ಅದಾವ, ಒಂದು ಭಾಷಾ ಕಲತ್ರ ಅಷ್ಟೂ ಕಡೆ ನಡೀತೈತಿ. ಸಾಹೇಬ್ರು ಮೂರು ತಿಂಗಳು ಬಿಡ್ತೀನಿ ಅಂದಾರ, ಪಗಾರ ಮಾತ್ರ ಕೊಡಂಗಿಲ್ಲಂತ. ಇರಲಿ.

ಸ್ಪೇನಿಗೆ ಹೋಗಬೇಕಂದ್ರ ಖರ್ಚು ಜಾಸ್ತಿ, ಮತ್ತ ನಮ್ಮ ಗಿರಾಕಿ ಮಂದಿ ಇರೋದು ಲ್ಯಾಟಿನ್ ಅಮೆರಿಕಾದಾಗ, ಅವರ ಉಚ್ಚಾರ ಬ್ಯಾರೆ. ಅದಕ್ಕ ಕೊಲಂಬಿಯಾ, ಅದರಾಗ ಮೆಡೆಯೀನ್ ಊರು. ಮನ್ಯಾಗ ಹೇಳಿದ ಕೂಡ್ಲೆ ಅವ್ವ "ಅಲ್ಲೆ ಬಿಸಲು ಭಾಳಂತಲ್ಲ, ಕಪ್ಪಾಗಿ ಬರ್ತಿ" ಅಂದ್ಳು. ಮಜಾ ಇಲ್ಲೇ ಐತಿ. ಕೊಲಂಬಿಯಾ ಭೂಮಧ್ಯರೇಖಿ ಹಾದು ಹೋಗೋ ದೇಶ, ಅಲ್ಲೆ ನಮ್ಮಂಗ ಬ್ಯಾಸಗಿ, ಚಳಿಗಾಲ ಅಂತ ತಿಂಗಳ ಲೆಕ್ಕ ಇಲ್ಲ, ಎತ್ತರದ ಲೆಕ್ಕ. ಸಾವಿರ ಮೀಟರ್ ಮ್ಯಾಲ ಹತ್ತಿದ್ರ ಸುಮಾರು 6 ಡಿಗ್ರಿ ಇಳೀತೈತಿ. ಸಮುದ್ರದ ದಂಡಿಗೆ ಕಾರ್ತಹೇನಾ, ವರ್ಷಪೂರ್ತಿ ಶೆಕಿ, ಬೆವರು ಆರಂಗಿಲ್ಲ. ಮೆಡೆಯೀನ್ ಸುಮಾರು 1500 ಮೀಟರ್ ಎತ್ತರಕ್ಕ, ಸರಾಸರಿ 22 ಡಿಗ್ರಿ, ಅದಕ್ಕ ಅದನ್ನ ವಸಂತ ಎಂದೂ ಮುಗಿಯದ ಊರು ಅಂತಾರ. ರಾಜಧಾನಿ ಬೊಗೋಟಾ 2600 ಮೀಟರಿನ ಮ್ಯಾಲ, ಹಗಲೊತ್ತಿನಾಗೂ ಸ್ವೆಟರ್ ಬೇಕು, ರಾತ್ರಿ ಎಂಟೊಂಬತ್ತು ಡಿಗ್ರಿಗೆ ಬರತೈತಿ. ಅಂದ್ರ ಟ್ರಾಪಿಕಲ್ ಅಂತ ಹತ್ತಿ ಅರಬಿ ಅಷ್ಟ ತುಂಬ್ಕೊಂಡು ಬೊಗೋಟಾದಾಗ ಇಳದ್ರ ನಡುಗೋದ ಕೆಲಸ. ಕೋರ್ಸ್ ಹುಡುಕೋವಾಗ ದೇಶ ನೋಡಬ್ಯಾಡ್ರಿ, ಊರಿನ ಎತ್ತರ ನೋಡ್ರಿ. ಮಳಿ ಮಾತ್ರ ನಮ್ಮಂಗ ಒಂದ ಸಲ ಬಂದು ಹೋಗಂಗಿಲ್ಲ, ಆಂಡಿಸ್ ಗುಡ್ಡದ ಊರುಗಳೊಳಗ ಏಪ್ರಿಲ್-ಮೇದಾಗ ಒಂದ್ಸಲ, ಅಕ್ಟೋಬರ್-ನವೆಂಬರಿನಾಗ ಇನ್ನೊಂದ್ಸಲ ಜೋರು ಹಿಡೀತೈತಿ. ಬೆಳಗಾವಿ ಮಂದಿಗೆ ಛತ್ರಿ ಬಗ್ಗೆ ಹೇಳಿಕೊಡಬೇಕಾಗಿಲ್ಲ ಬಿಡ್ರಿ.

ನಳದ ನೀರಿನ ಮಾತು ಬಂತಂದ್ರ, ಮೆಡೆಯೀನದಾಗ ನಳದ ನೀರು ನೇರ ಕುಡೀಬಹುದು! ನಮ್ಮ ಕಾಕು ಇನ್ನೂ ನಂಬಿಲ್ಲ.

ಈಗ ಖರೇ ತ್ರಾಸಿನ ವಿಷಯಕ್ಕ ಬರ್ತೀನಿ. ಒಂದು, ದಾರಿ. ಇಂಡಿಯಾದಿಂದ ಅತ್ಲಾಕಡೆ ನೇರ ವಿಮಾನ ಇಲ್ಲ, ಸೋವಿ ಟಿಕೆಟ್ ಹುಡುಕಿದ್ರ ಅಮೆರಿಕಾದ ಮ್ಯಾಲ ಹೋಗೋವು ಕಾಣತಾವ, ತಗೊಂಡೀರಿ ಜೋಕೆ! ಅಮೆರಿಕಾದ ಏರ್‌ಪೋರ್ಟಿನಾಗ ಬರೇ ವಿಮಾನ ಬದಲಸಾಕೂ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು, ಯಾಕಂದ್ರ ಅಲ್ಲೆ ಇಳದೋರೆಲ್ಲ ಇಮಿಗ್ರೇಶನ್ ದಾಟಬೇಕು, ಒಳಗಿಂದೊಳಗ ದಾಟಿ ಹೋಗೋ ಪದ್ಧತಿ ಇಲ್ಲ. ಯುರೋಪಿನಾಗ ಒಂದೊಂದು ದೇಶದ್ದು ಒಂದೊಂದು ಟ್ರಾನ್ಸಿಟ್ ನಿಯಮ. ಅದಕ್ಕ ನಾನು ಇಸ್ತಾಂಬುಲ್ ಮ್ಯಾಲ ಬೊಗೋಟಾಕ್ಕ ಹೋಗೋ ದಾರಿ ಹಿಡದೀನಿ. ಕೊಲಂಬಿಯಾದ ವೀಸಾ ಅರ್ಜಿ ಆನ್‌ಲೈನ್, ಅವರ ವಿದೇಶಾಂಗ ಇಲಾಖೆ ವೆಬ್‌ಸೈಟಿನಾಗ. ಕೋರ್ಸಿನ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್ ಎಲ್ಲಾ ಪಿಡಿಎಫ್ ಮಾಡಿ ಏರಸಬೇಕು. ಟಿಕೆಟ್ ಬುಕ್ ಮಾಡೋಕಿಂತ ಮೊದಲ ಇವೆಲ್ಲಾ ಆವತ್ತಿನ ನಿಯಮ ನೋಡ್ಕೊಳ್ರಿ, ವೀಸಾ ಅನ್ನೋದು ಇದ್ದಂಗ ಇರೋ ವಸ್ತು ಅಲ್ಲ.

ಎರಡನೇದ್ದು ಪಟ್ಟ್ಯಾಗ ಒಂದ ಸಾಲಿನ್ಯಾಗ ಮುಗಸಿರ್ತಾರ, ನಮಗ ಅದ ಎಲ್ಲಾಕಿಂತ ದೊಡ್ಡದು, ಯೆಲ್ಲೋ ಫೀವರ್ ಲಸಿಕೆ. ಅಮೆರಿಕಾದೋರಿಗೆ ಅದು ಅಲ್ಲೆ ಹೋಗಿ ಜಡ್ಡು ಬರಬಾರದು ಅಂತ. ನಮಗ ಹೋಗೋದರಕಿಂತ ಹೊಳ್ಳಿ ಬರೋದರ ಸಲುವಾಗಿ ಬೇಕು. ಕೊಲಂಬಿಯಾದಂಥ ದೇಶದಿಂದ ಹೊಂಟು ಆರು ದಿನದೊಳಗ ಇಂಡಿಯಾಕ್ಕ ಇಳದ್ರ ಹಳದಿ ಕಾರ್ಡ್, ಅಂದ್ರ ಈ ಲಸಿಕೆ ಹಾಕ್ಕೊಂಡಿದ್ದರ ಸರ್ಟಿಫಿಕೇಟ್, ತೋರಸಬೇಕು, ಇಲ್ಲಂದ್ರ ಕ್ವಾರಂಟೈನ್ ಹಾಕ್ತಾರ. ಯಾಕಿಷ್ಟು ಬಿಗಿ ಅಂದ್ರ ಆ ಜಡ್ಡು ಹರಡೋದು ಡೆಂಗಿ ಹರಡೋ ಈಡಿಸ್ ಸೊಳ್ಳಿಯಿಂದಾನ, ಸೊಳ್ಳಿ ನಮ್ಮಲ್ಲೆ ಬೇಕಾದಷ್ಟು ಐತಿ, ವೈರಸ್ ಅಷ್ಟ ಇಲ್ಲ, ಅದು ಒಂದ್ಸಲ ಒಳಗ ಬಂತಂದ್ರ ಮುಗೀತು. 2025ರ ಏಪ್ರಿಲಿನಾಗ ಕೊಲಂಬಿಯಾ ಸರ್ಕಾರಾನ ಇದರ ಸಲುವಾಗಿ ಆರೋಗ್ಯ ತುರ್ತುಸ್ಥಿತಿ ಘೋಷಣಾ ಮಾಡಿತ್ತು, ತೊಲಿಮಾ ಅನ್ನೋ ಭಾಗದಾಗ ಭಾಳ ಇತ್ತು. ಲಸಿಕೆ ಹಾಕ್ಕೊಂಡು 10 ದಿನ ಆದ ಮ್ಯಾಲನ ಸರ್ಟಿಫಿಕೇಟ್ ಚಾಲೂ ಆಗತೈತಿ, ಆಮ್ಯಾಲ ಜೀವನಪೂರ್ತಿ ನಡೀತೈತಿ. ತತ್ತಿ ಅಲರ್ಜಿ ಇದ್ದೋರು ಡಾಕ್ಟರಿಗೆ ಮೊದಲ ಹೇಳಬೇಕು. ಎಲ್ಲಾ ದವಾಖಾನ್ಯಾಗ ಹಾಕಂಗಿಲ್ಲ, ಸರ್ಕಾರ ಗೊತ್ತು ಮಾಡಿದ ಕೇಂದ್ರದಾಗ ಅಷ್ಟ, ನಾನು ರಾಣಿ ಚೆನ್ನಮ್ಮಾ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಹಾಕ್ಕೊಂಡು ಬರೋದು ಅಂತ ಮಾಡೀನಿ.

ಇನ್ನ ಭಾಷಾ. ನನಗ ಭಾಳ ಖುಷಿ ಕೊಟ್ಟಿದ್ದು ಇದ. ಸ್ಪ್ಯಾನಿಷ್ ಪುಸ್ತಕಗಳು ಇಂಗ್ಲಿಷಿನೋರಿಗೆ ಅಂತ ಬರದಿರ್ತಾವ, ಇದು ಕಠಿಣ, ಅದು ಕಠಿಣ ಅಂತ ಹೆದರಸ್ತಾವ, ಕನ್ನಡದಾಗ ವಿಚಾರ ಮಾಡಿದ್ರ ಹೆದರಿಕಿ ಅರ್ಧ ಹೋಗತೈತಿ. 'ಮೆ ಗುಸ್ತಾ ಎಲ್ ಕಫೆ' ಅಂದ್ರ 'ನನಗ ಕಾಫಿ ಸೇರತೈತಿ'. ನಾನು ಕರ್ತೃ ಅಲ್ಲ, ಕಾಫೀನ ಕರ್ತೃ, ಅರೆಪಾ (ಅಲ್ಲಿಯ ರೊಟ್ಟಿ) ಬಹಳ ಇದ್ರ 'ಗುಸ್ತಾನ್' ಆಗತೈತಿ, ನಮ್ಮ 'ಸೇರತಾವ' ಇದ್ದಂಗ. ಇದನ್ನ ಇಂಗ್ಲಿಷಿನೋರಿಗೆ ತಿಳಿಸಿ ಹೇಳಾಕ ಪುಸ್ತಕದಾಗ ಪುಟಗಟ್ಲೆ ಖರ್ಚು ಮಾಡ್ಯಾರ. 'ಇರೋದಕ್ಕ' ಎರಡು ಕ್ರಿಯಾಪದ, ಸೆರ್ ಮತ್ತ ಎಸ್ತಾರ್, ಅದೂ ಹಂಗ. 'ನಮ್ಮಪ್ಪ ಮಾಸ್ತರು' ಅನ್ನುವಾಗ ನಾವು ಕ್ರಿಯಾಪದಾನ ಹಾಕಂಗಿಲ್ಲ, ಅಲ್ಲೆ ಸೆರ್. 'ನಮ್ಮಪ್ಪ ಮನ್ಯಾಗ ಅದಾರ' ಅನ್ನುವಾಗ ಹಾಕ್ತೀವಿ, ಅಲ್ಲೆ ಎಸ್ತಾರ್. ನೂರಕ್ಕ ನೂರು ಹೊಂದಂಗಿಲ್ಲ, ಮೀಟಿಂಗ್ ಎಲ್ಲೆ ನಡೀತೈತಿ ಅನ್ನಾಕ ಅವರು ಸೆರ್ ಬಳಸ್ತಾರ, ಆದ್ರೂ ಶುರುವಿಗೆ ಇಷ್ಟು ಸಾಕು. ವೋಯ್ ಅಂದ್ರ ಸಾಕು, ಹೋಗ್ತೀನಿ ಅಂದಂಗ, ನಾನು ಅಂತ ಹೇಳೋದು ಬೇಕಿಲ್ಲ.

ಉಚ್ಚಾರದಾಗೂ ನಾವು ಮುಂದ. ಅವರ ತ, ದ ಹಲ್ಲಿಗೆ ನಾಲಿಗಿ ಹಚ್ಚಿ ಅನ್ನೋವು, ಇಂಗ್ಲಿಷಿನ ಟ, ಡ ಅಲ್ಲ. ಶಾಲ್ಯಾಗ ಞ ಯಾಕ ಕಲಸಿದ್ರು ಅಂತ ಇಷ್ಟು ವರ್ಷ ವಿಚಾರ ಮಾಡ್ತಿದ್ದೆ, ನಾಳಿಗೆ ಅವರು 'ಮಞಾನ' ಅಂತಾರ, ಅಂತೂ ಆ ಅಕ್ಷರಕ್ಕ ಕೆಲಸ ಸಿಕ್ತು. ತ್ರಾಸು ಕೊಡೋದು ಜೋಡಿ ರ. ಒಂಟಿ ರ ಹಾಕಿ ಪೆರೊ ಅಂದ್ರ 'ಆದ್ರ', ಜೋಡಿ ರ ಹಾಕಿದ್ರ ನಾಯಿ. ನಮ್ಮ ಕಡೆ ಕುರಿ ಕಾಯೋರು ಹಿಂಡು ಹೊಳ್ಳಸಾಕ ಟುರ್ರ್‌ರ್ ಅಂತಾರಲ್ಲ, ಥೇಟ್ ಆ ನಾಲಿಗಿ ಬೇಕು, ನಾನು ರಾತ್ರಿ ಮಾಳಗಿ ಮ್ಯಾಲ ನಿಂತು ಅದನ್ನ ರೂಢಿ ಮಾಡ್ತೀನಿ, ಬಾಜೂ ಮನಿ ಅಕ್ಕಾರು ಏನ್ ತಿಳಕೊಂಡಾರೋ ಗೊತ್ತಿಲ್ಲ.

ಕಠಿಣ ಆಗೋದು ಎಲ್ಲೆ ಅಂದ್ರ ವಸ್ತುಗಳಿಗೆ ಗಂಡು ಹೆಣ್ಣು. ಕನ್ನಡದಾಗ ಕುರ್ಚಿ ಪಾಪ 'ಅದು' ಅಂತ ತನ್ನ ಪಾಡಿಗೆ ಇರತೈತಿ. ಆದ್ರ ಬೆಳಗಾವ್ಯಾಗ ಬೆಳದೋರಿಗೆ ಮರಾಠಿ ಕಿವಿಗೆ ಬಿದ್ದಿರತೈತಿ, ಅಲ್ಲೆ ಖುರ್ಚಿ ಹೆಣ್ಣು, ಸ್ಪ್ಯಾನಿಷಿನಾಗೂ ಹೆಣ್ಣ. ಎಲ್ಲಾ ಶಬ್ದ ಹಿಂಗ ಕೂಡಂಗಿಲ್ಲ, ಆದ್ರ ವಸ್ತುವಿಗೆ ಲಿಂಗ ಇರತೈತಿ ಅನ್ನೋ ಸೋಜಿಗ ನಮಗ ಇಲ್ಲ. ಊರಿನ ಭಾಷಾ ಜಗಳದಿಂದ ಇಷ್ಟಾದ್ರೂ ಲಾಭ ಆತು.

ಹೋಗೋ ಮುಂಚೆ ಇಲ್ಲೇ ಎ1, ಅಂದ್ರ ಭಾಷಾದ ಮೊದಲನೇ ಮಟ್ಟ, ಮುಗಸ್ರಿ, ಇದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟು ದೂರ ರೊಕ್ಕಾ ಕೊಟ್ಟು ಹೋಗಿ ಒಂದು ಎರಡು ಮೂರು ಕಲಿಯೋದು ಶುದ್ಧ ದಂಡ. ಬೆಳಗಾವ್ಯಾಗ ಕಲಸೋರು ನನಗ ಸಿಗಲಿಲ್ಲ, ಆನ್‌ಲೈನ್ ಮಾಸ್ತರರು ಸಿಗತಾರ, ಸಂಜಿ ಏಳೂವರಿಗೆ ಕುಂತ್ರ ಕೊಲಂಬಿಯಾದಾಗ ಮುಂಜಾನೆ ಒಂಬತ್ತು, ಇಬ್ಬರಿಗೂ ಅನುಕೂಲ. ಮಾಸ್ತರರು ಸ್ಪೇನಿನ ರೀತಿ ಕಲಸಿದ್ರೂ ಅಡ್ಡಿ ಇಲ್ಲ, 'ವೊಸೋತ್ರೊಸ್' (ನೀವೆಲ್ಲ) ಅನ್ನೋ ರೂಪ ಲ್ಯಾಟಿನ್ ಅಮೆರಿಕಾದಾಗ ಆಡಂಗಿಲ್ಲ, ಬರೇ ಗುರುತಿಟ್ಟುಕೊಂಡು ಮುಂದ ಹೋಗ್ರಿ. ಸರ್ಟಿಫಿಕೇಟ್ ಬೇಕಂದ್ರ ಡೆಲೆ ಪರೀಕ್ಷಾ ಐತಿ, ಸೆರ್ವಾಂತೆಸ್ ಸಂಸ್ಥೆಯವರದು, ಅವರದೊಂದು ಶಾಖೆ ದಿಲ್ಲ್ಯಾಗ ಐತಿ. ಡೆಲೆಗೆ ಅವಧಿ ಮುಗಿಯೋದಿಲ್ಲ, ಸಿಯೆಲೆ ಅನ್ನೋ ಇನ್ನೊಂದು ಐದು ವರ್ಷಕ್ಕ ಮುಗೀತೈತಿ.

ಮತ್ತ ಅಂಕಿ! ನನ್ನಂಥ ಇನ್‌ವಾಯ್ಸ್ ಮಂದಿಗೆ ಇದು ಜೀವ. ಅವರಲ್ಲೆ ಲಕ್ಷ ಇಲ್ಲ, ಲಕ್ಷಕ್ಕ 'ಸಿಯೆನ್ ಮಿಲ್', ನೂರು ಸಾವಿರ ಅನ್ನಬೇಕು. ಕೊಲಂಬಿಯಾದಾಗ 1.500 ಅಂತ ಬರದ್ರ ಅದು ಒಂದೂವರಿ ಅಲ್ಲ, ಹದಿನೈದು ನೂರು, ಅವರು ಸಾವಿರಕ್ಕ ಚುಕ್ಕಿ ಇಡ್ತಾರ, ದಶಾಂಶಕ್ಕ ಕಾಮಾ. ಮೆಕ್ಸಿಕೊದೋರು ನಮ್ಮಂಗ ಬರೀತಾರ. ಒಂದ ಭಾಷಾ, ಎರಡು ಲೆಕ್ಕ. ಕೊಲಂಬಿಯಾದ ರೊಕ್ಕಾ ಪೆಸೊ, ಸಾವಿರ ಪೆಸೊ ಅಂದ್ರ ಇಪ್ಪತ್ತು ಚಿಲ್ಲರೆ ರೂಪಾಯಿ, ಹಿಂಗಾಗಿ ಚಾ ಅಂಗಡ್ಯಾಗೂ ಸಾವಿರದ ಮಾತ ನಡೀತೈತಿ.

ಊಟದ ವಿಷಯ ನಮ್ಮನಿಯೊಳಗ ವಾರಗಟ್ಲೆ ನಡದೈತಿ. ನಾವು ತತ್ತೀನೂ ತಿನ್ನಂಗಿಲ್ಲ. ಮೆಡೆಯೀನ್ ಭಾಗದ ದೊಡ್ಡ ಊಟಕ್ಕ ಬಂದೇಹಾ ಪಾಯ್ಸಾ ಅಂತಾರ, ಅನ್ನ, ಕಾಳಿನ ಪಲ್ಯ, ಬಾಳೆಕಾಯಿ, ಬೆಣ್ಣೆಹಣ್ಣು ಎಲ್ಲಾ ಚಲೋ, ಆದ್ರ ಅದರಾಗ ಹಂದಿ ಮಾಂಸ, ದನದ ಮಾಂಸ, ತತ್ತಿ ಎಲ್ಲಾ ಕೂಡಿ ಬರತೈತಿ. 'ಕಾರ್ನೆ (ಮಾಂಸ) ಬ್ಯಾಡ' ಅಂದ್ರ ಕೆಲವರು ಕೋಳಿ ತಂದು ಇಡ್ತಾರ, ಯಾಕಂದ್ರ ಅವರ ಮಾತಿನ್ಯಾಗ ಕಾರ್ನೆ ಅಂದ್ರ ದನದ್ದು ಹಂದೀದು, ಕೋಳಿ ಮೀನ ಅದರಾಗ ಬರಂಗಿಲ್ಲ. ಒಂದೊಂದೂ ಹೆಸರು ಹೇಳಿ ಬ್ಯಾಡ ಅನ್ನಬೇಕು, ಕಾಳು ಎದರಾಗ ಕುದಿಸಿದ್ರು ಅಂತ ಕೇಳಬೇಕು. ನಾನು ಇರೋ ಮನಿಯವರಿಗೆ ಮೊದಲ ಮೇಲ್ ಬರದು ಇದನ್ನೆಲ್ಲ ಬಿಡಿಸಿ ಹೇಳೀನಿ. ಅರೆಪಾ ಅಂದ್ರ ಗೋವಿನಜೋಳದ ದಪ್ಪ ರೊಟ್ಟಿ, ಅದಕ್ಕ ನಮ್ಮ ಶೇಂಗಾ ಚಟ್ನಿ ಹೊಂದತೈತಿ ಅಂತ ನನ್ನ ಅಂದಾಜು. ಶೇಂಗಾ ಹುಟ್ಟಿದ್ದ ದಕ್ಷಿಣ ಅಮೆರಿಕಾದಾಗ, ಮೆಣಸಿನಕಾಯಿನೂ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಕೈಲೆ ನಮ್ಮಲ್ಲೆ ಬಂದಿದ್ದು, ಅಂದ್ರ ನಾನು ಒಯ್ಯೋ ಡಬ್ಬಿ ತವರಮನಿಗೆ ಹೊಂಟೈತಿ.

ಅಪ್ಪಾಗ ಮಾತ್ರ ಒಂದ ವಿಷಯ ಸೇರೇತಿ, ಪನೆಲಾ. ಮೂಲ ಊರು ಮಹಾಲಿಂಗಪುರ, ಬೆಲ್ಲದ ಪ್ಯಾಟಿ ನೋಡಿ ಬೆಳದ ಮನುಷ್ಯ. ಕೊಲಂಬಿಯಾದಾಗ ಕಬ್ಬಿನ ಹಾಲು ಕುದಿಸಿ ಅಚ್ಚಿನಾಗ ಹೊಯ್ದು ಮಾಡೋ ಪನೆಲಾ ಅಂದ್ರ ಬೆಲ್ಲಾನ, ಬ್ಯಾರೆ ಏನಲ್ಲ, ಅದನ್ನ ಬಿಸಿನೀರಾಗ ಕರಗಿಸಿ ಲಿಂಬಿ ಹಿಂಡಿ ಮುಂಜಾನೆ ಕುಡೀತಾರ. ವಿಡಿಯೋ ತೋರಿಸಿದೆ. ಗಾಣ ನೋಡಿದ್ರು, ಕೊಪ್ಪರಿಗಿ ನೋಡಿದ್ರು, ಬಣ್ಣ ನೋಡಿ "ಕೆಮಿಕಲ್ ಹಾಕಿಲ್ಲ, ಚಲೋ ಮಾಡ್ಯಾರ" ಅಂದ್ರು. ಅಲ್ಲೀವರೆಗೂ ಅವರಿಗೆ ನಾ ಹೋಗೋದು ಅಷ್ಟು ಮನಸಿರಲಿಲ್ಲ, ಈಗ ಬರುವಾಗ ಎರಡು ಪೆಂಟಿ ತಗೊಂಡು ಬಾ ಅಂತ ಹೇಳ್ಯಾರ.

ಬ್ಯಾಗಿನ ಬಗ್ಗೆ ಜಾಸ್ತಿ ಹೇಳಂಗಿಲ್ಲ. ಹಸಿ ಹಣ್ಣು, ಬೀಜ ಒಯ್ಯಬ್ಯಾಡ್ರಿ. ಕರೆಂಟ್ ಅಲ್ಲೆ 110 ವೋಲ್ಟ್, ನಮ್ಮಲ್ಲೆ 230, ಪ್ಲಗ್ಗೂ ಅಮೆರಿಕಾದ ಚಪ್ಪಟಿ ಕಡ್ಡೀದು. ಫೋನು, ಲ್ಯಾಪ್‌ಟಾಪಿನ ಚಾರ್ಜರ್ ಎರಡಕ್ಕೂ ನಡೀತಾವ, ಮ್ಯಾಲ ಬರದಿರತೈತಿ ನೋಡ್ರಿ. ನಮ್ಮ ಕೆಟಲ್, ಅನ್ನದ ಕುಕ್ಕರ್ ಅಲ್ಲೆ ನೆಟ್ಟಗ ಕಾಯಂಗಿಲ್ಲ. ಅವ್ವ ತಂದಿಟ್ಟ ಹೊಸಾ ಕೆಟಲ್ ಸಲುವಾಗಿ ಇನ್ನೂ ವಾದ ನಡದೈತಿ.

ಫೋನ್ ಮಾಡೋ ಹೊತ್ತೂ ಗೊತ್ತು ಮಾಡಿದ್ವಿ. ಹತ್ತೂವರಿ ತಾಸಿನ ಫರಕು, ಅವ್ವ ಮುಂಜಾನೆ ಆರಕ್ಕ ಪೂಜಾ ಮುಗಿಸಿ ಕುಂತ್ರ ನನಗ ಹಿಂದಿನ ದಿನದ ಸಂಜಿ ಏಳೂವರಿ, ಕ್ಲಾಸ್ ಮುಗಿದಿರತೈತಿ. ಅವ್ವ ಬೆರಳ ಮ್ಯಾಲ ಎಣಿಸಿ ಎಣಿಸಿ ನೋಡಿ, "ಹಂಗಾದ್ರ ಇವತ್ತಿನ ಭವಿಷ್ಯ ಓದಿ ನಿನಗ ಮೊದಲ ಹೇಳ್ತೀನಿ ತಗೋ" ಅಂದ್ಳು.